ಈ ಅಕ್ಷರಕ್ಕೆ ದುಡ್ಡು ಕೊಟ್ಟವರು ಯಾರು?

ವಿಜಯನಗರದ ನಮ್ಮ ಬೀದಿಯ ಹುಡುಗಿಯೊಬ್ಬಳು ದಿನವೂ ಮೆಟ್ರೊ ಹತ್ತಿ ಜ್ಞಾನಭಾರತಿಗೆ ಹೋಗುತ್ತಾಳೆ. ಪತ್ರಿಕೋದ್ಯಮದ ವಿದ್ಯಾರ್ಥಿನಿ. ಮೊನ್ನೆ ಭಾನುವಾರ ಹಾಲಿನ ಬೂತಿನ ಮುಂದೆ ಸಿಕ್ಕವಳು ನೇರವಾಗಿ ಕೇಳಿದಳು: ‘ಅಣ್ಣ, ಓದು ಮುಗಿದ ಮೇಲೆ ಪೇಪರಿಗೆ ಸೇರಲೋ, ಪಿ.ಆರ್. ಕಂಪನಿಗೆ ಸೇರಲೋ? ಮನೆಯಲ್ಲಿ ಪಿ.ಆರ್. ಅಂತಾರೆ, ಸಂಬಳ ಜಾಸ್ತಿಯಂತೆ. ಫ್ರೆಂಡ್ಸು ಅದು ಸುಳ್ಳು ಹೇಳೋ ಕೆಲಸ ಅಂತಾರೆ. ನೀವು ಹೇಳಿ.’

ಡಿಪ್ಲೊಮಾ ಮುಗಿಸಿ ಕೆಲವೇ ವರ್ಷ ಕಳೆದಿರುವ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಪ್ರೆಸ್ ನೋಟ್ ಹಂಚುವವರೂ ಅದನ್ನು ಪಡೆಯುವವರೂ ಅನೇಕ ವೇಳೆ ಒಂದೇ ತರಗತಿಯಲ್ಲಿ ಕಲಿತವರು. ಇಬ್ಬರ ಕೆಲಸವೂ ಬರೆಯುವುದೇ. ಹಾಗಾದರೆ ಸುದ್ದಿಗೂ ಪ್ರಚಾರಕ್ಕೂ ನಡುವಿನ ಗೆರೆ ಎಲ್ಲಿದೆ? ಅದನ್ನು ಎಳೆದವರು ಯಾರು? ಹಳೆಯ ಪುಟಗಳನ್ನು ತಿರುವಿದರೆ ಈ ಪ್ರಶ್ನೆ ಕನ್ನಡ ಪತ್ರಿಕೋದ್ಯಮದಷ್ಟೇ ಹಳೆಯದು ಎಂಬುದು ಕಾಣುತ್ತದೆ.

ಹುಟ್ಟಿನಲ್ಲೇ ಇದ್ದ ಗಂಟು

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ರಾಜ್ಯದಲ್ಲಿ ಇಂದಿಗೂ ಅದೇ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಕಲ್ಲಚ್ಚಿನಲ್ಲಿ ಮುದ್ರಣವಾಗಿ ಎರಡು ವಾರಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯ ಸಂಪಾದಕ ಹರ್ಮನ್ ಮೊಗ್ಲಿಂಗ್, ಬಾಸೆಲ್ ಮಿಷನ್ನಿನ ಪಾದ್ರಿ. ಅದರಲ್ಲಿ ಊರಿನ ವರ್ತಮಾನವಿತ್ತು, ಕಂಪನಿ ಸರ್ಕಾರದ ಆದೇಶಗಳಿದ್ದವು, ಕಥೆಗಳಿದ್ದವು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಮೊಗ್ಲಿಂಗರು ಕನ್ನಡಕ್ಕೆ ಮಾಡಿದ ಸೇವೆ ಸಣ್ಣದಲ್ಲ. ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದವರು ಅವರು. ಆದರೂ ಅವರು ಧರ್ಮಪ್ರಚಾರಕ್ಕಾಗಿ ಬಂದ ಸಂಸ್ಥೆಯೊಂದರ ಆಳು ಎಂಬುದು ಗುಟ್ಟಾಗಿರಲಿಲ್ಲ. ಅಂದರೆ ಕನ್ನಡದಲ್ಲಿ ಸುದ್ದಿ ಹುಟ್ಟುವಾಗಲೇ ಅದರ ಹಿಂದೆ ಬೇರೊಂದು ಉದ್ದೇಶವುಳ್ಳ ಸಂಸ್ಥೆ ನಿಂತಿತ್ತು. ಸುದ್ದಿ ಮತ್ತು ಪ್ರಚಾರ ಎರಡು ಬೇರೆ ಮನೆಗಳಲ್ಲಿ ಹುಟ್ಟಿ ಆಮೇಲೆ ಬೆರೆತವು ಎಂದು ನಾವು ತಿಳಿಯುತ್ತೇವೆ. ಅವು ಒಂದೇ ಮನೆಯಲ್ಲಿ ಹುಟ್ಟಿ, ಕಷ್ಟಪಟ್ಟು ಬೇರೆಯಾದವು ಎನ್ನುವುದೇ ಹೆಚ್ಚು ಸರಿ.

1908: ಇಲ್ಲಿ ಬೀಗ, ಅಲ್ಲಿ ಶಾಲೆ

ಪತ್ರಿಕೆಗಳು ಬಲಿತಂತೆ ಸರ್ಕಾರಕ್ಕೆ ಅವುಗಳ ಮೇಲೆ ಕಣ್ಣು ಬಿತ್ತು. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನ ಪತ್ರಿಕಾ ಕಾಯಿದೆಯನ್ನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಯಾರೂ ಪತ್ರಿಕೆ ನಡೆಸುವಂತಿರಲಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ಮನಸ್ಸು ಬಂದಾಗ ಹಿಂದಕ್ಕೆ ಪಡೆಯಬಹುದಿತ್ತು. ಮೈಸೂರಿನಲ್ಲಿ ಎಲ್ಲರೂ ‘ತಾತಯ್ಯ’ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಕೈ ಕಟ್ಟಿಸಿಕೊಂಡು ಬರೆಯುವುದಕ್ಕಿಂತ ಬರೆಯದಿರುವುದೇ ಲೇಸೆಂದು ಅವರಿಗೆ ಕಂಡಿರಬೇಕು.

ಅದೇ 1908ರಲ್ಲಿ ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಶಾಲೆ ಬಾಗಿಲು ತೆರೆಯಿತು. ಸುದ್ದಿ ಬರೆಯುವುದು ಕಾಲೇಜಿನಲ್ಲಿ ಕಲಿಸಬಹುದಾದ, ನೀತಿ ನಿಯಮಗಳುಳ್ಳ ವೃತ್ತಿ ಎಂಬ ಮಾತಿಗೆ ಅಲ್ಲಿ ಗಟ್ಟಿ ರೂಪ ಸಿಕ್ಕಿತು. ನಮ್ಮಲ್ಲಿ ಆ ಕಾಲ ಬರಲು ನಾಲ್ಕು ದಶಕ ಬೇಕಾಯಿತು. 1950ರ ದಶಕದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ಕಲಿಸತೊಡಗಿದರು.

ಸಾರ್ವಜನಿಕ ಸಂಪರ್ಕ ಎಂಬ ವೃತ್ತಿ ಹುಟ್ಟಿದ್ದೂ ಇದೇ ವರ್ಷಗಳಲ್ಲಿ. ಅಮೆರಿಕದ ಐವಿ ಲೀ ಮೊದಲು ಸುದ್ದಿಗಾರನಾಗಿದ್ದವನು. 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸ ಮಾಡುತ್ತಿದ್ದಾಗ ಸಂಪಾದಕರಿಗೆಲ್ಲ ಒಂದು ಹೇಳಿಕೆ ಕಳುಹಿಸಿದ. ಅದರ ಸಾರ ಇಷ್ಟು: ನಮ್ಮ ಕೆಲಸವೆಲ್ಲ ಬಹಿರಂಗ, ನಾವು ಯಾರ ಪರ ಎಂಬುದನ್ನು ಮುಚ್ಚಿಡುವುದಿಲ್ಲ, ನಾವು ಕೊಟ್ಟದ್ದು ಜಾಹೀರಾತಿನ ವಿಭಾಗಕ್ಕೆ ಸೇರಬೇಕಾದದ್ದು ಎನಿಸಿದರೆ ಬಳಸಬೇಡಿ. ಅದೇ ವರ್ಷ ರೈಲು ಅಪಘಾತವೊಂದು ಸಂಭವಿಸಿದಾಗ, ವಿಷಯವನ್ನು ಅಡಗಿಸುವ ಬದಲು ರೈಲು ಕಂಪನಿಯಿಂದಲೇ ಪತ್ರಿಕೆಗಳಿಗೆ ವಿವರ ಕೊಡಿಸಿದ. ಇಂದಿನ ಪ್ರೆಸ್ ನೋಟಿನ ಮೂಲಪುರುಷ ಅದೇ ಎನ್ನುತ್ತಾರೆ.

ಹೇಳಿದ ಮಾತಿನಂತೆ ಆತ ಕೊನೆಯತನಕ ನಡೆಯಲಿಲ್ಲ. 1914ರಲ್ಲಿ ಲಡ್ಲೋ ಎಂಬಲ್ಲಿ ಮುಷ್ಕರ ನಿರತ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿ ನಡೆದು ಹೆಂಗಸರೂ ಮಕ್ಕಳೂ ಸತ್ತರು. ಆಗ ಐವಿ ಲೀ ಗಣಿಯ ಒಡೆಯರಾದ ರಾಕ್‌ಫೆಲರ್ ಮನೆತನದ ಪರ ಹೊರಡಿಸಿದ ಪ್ರಕಟಣೆಗಳಲ್ಲಿ ತಪ್ಪು ಸಂಗತಿಗಳಿದ್ದವು. ವೃತ್ತಿಯ ನೀತಿಯನ್ನು ಬರೆದವನೇ ಅದನ್ನು ಮುರಿದ ಮೊದಲಿಗರಲ್ಲಿ ಒಬ್ಬನಾದ.

1928ರ ಎರಡು ಪುಸ್ತಕ

ಇನ್ನೊಂದು ವರ್ಷವನ್ನೂ ನೆನಪಿಡಬೇಕು. 1928ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಬರ್ನೇಸ್ ‘ಪ್ರಾಪಗಾಂಡ’ ಎಂಬ ಪುಸ್ತಕ ಪ್ರಕಟಿಸಿದ. ಮನಶ್ಶಾಸ್ತ್ರಜ್ಞ ಫ್ರಾಯ್ಡ್‌ಗೆ ಈತ ಸೋದರಳಿಯ. ಜನರ ಅಭಿಪ್ರಾಯವನ್ನು ತೆರೆಮರೆಯಲ್ಲಿ ನಿಂತು ರೂಪಿಸುವುದು ಪ್ರಜಾಪ್ರಭುತ್ವಕ್ಕೆ ಬೇಕಾದ ಕೆಲಸವೇ ಎಂಬುದು ಅವನ ವಾದ. ಮರುವರ್ಷ ಈಸ್ಟರ್ ಹಬ್ಬದ ಮೆರವಣಿಗೆಯಲ್ಲಿ ಕೆಲವು ಯುವತಿಯರು ಸಿಗರೇಟು ಹಚ್ಚಿಕೊಂಡು ನಡೆದರು. ಹೆಣ್ಣಿನ ಸ್ವಾತಂತ್ರ್ಯದ ಸುದ್ದಿಯೆಂದು ಪತ್ರಿಕೆಗಳು ಅದನ್ನು ಅಚ್ಚುಮಾಡಿದವು. ಅದರ ಹಿಂದೆ ಇದ್ದದ್ದು ಒಂದು ತಂಬಾಕು ಕಂಪನಿ, ಏರ್ಪಾಡು ಮಾಡಿದವನು ಬರ್ನೇಸ್. ಓದಿದವರಿಗೆ ಇದು ಗೊತ್ತಿರಲಿಲ್ಲ. ಮೋಸ ಇದ್ದದ್ದು ಅಲ್ಲಿಯೇ.

ಅದೇ 1928ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಕರ್ತರ ಸಮ್ಮೇಳನ ನಡೆಯಿತು. ಅಧ್ಯಕ್ಷರು ಡಿ.ವಿ. ಗುಂಡಪ್ಪ. ಅವರ ‘ವೃತ್ತಪತ್ರಿಕೆ’ ಎಂಬ ಪುಸ್ತಕ ಬಂದದ್ದೂ ಅದೇ ವರ್ಷ. ನಮಗೆಲ್ಲ ಡಿವಿಜಿ ಎಂದರೆ ‘ಮಂಕುತಿಮ್ಮನ ಕಗ್ಗ’. ಆದರೆ ಅವರು ಅನ್ನ ಸಂಪಾದಿಸಿದ್ದು ಪತ್ರಕರ್ತನಾಗಿ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿ, ಮೆಟ್ರಿಕ್ಯುಲೇಷನ್ನಿನ ಗಡಿ ದಾಟದೆ ಬೆಂಗಳೂರಿಗೆ ಬಂದು, ‘ಸೂರ್ಯೋದಯ ಪ್ರಕಾಶಿಕೆ’ಯಂಥ ಪತ್ರಿಕೆಗಳಲ್ಲಿ ದುಡಿದು, 1913ರಲ್ಲಿ ‘ಕರ್ನಾಟಕ’ ಎಂಬ ತಮ್ಮದೇ ಇಂಗ್ಲಿಷ್ ಪತ್ರಿಕೆ ಆರಂಭಿಸಿದವರು. ಪತ್ರಿಕೆ ಎಂದರೇನು, ಅದರ ಹೊಣೆ ಯಾವುದು ಎಂಬುದನ್ನು ಕನ್ನಡದಲ್ಲಿ ಕ್ರಮವಾಗಿ ವಿಚಾರ ಮಾಡಿ ಪುಸ್ತಕ ಬರೆದವರಲ್ಲಿ ಅವರು ಮೊದಲಿಗರು.

ಹಿಂದಿರುಗಿಸಿದ ಹಣ

ಆ ಪುಸ್ತಕಕ್ಕಿಂತಲೂ ಹೆಚ್ಚು ಪಾಠ ಅವರ ನಡೆಯಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಡಿವಿಜಿಯವರಿಗೆ ಅವರ ಮೇಲೆ ಅಪಾರ ಗೌರವ. ಆ ಕಾಲದಲ್ಲಿ ದಸರೆಯ ವರದಿಗೆ ಬಂದ ಪತ್ರಕರ್ತರಿಗೆ ಸರ್ಕಾರ ಖರ್ಚಿನ ಬಾಬ್ತೆಂದು ಹಣ ಕೊಟ್ಟಾಗ ಡಿವಿಜಿ ಅದನ್ನು ಹಿಂದಿರುಗಿಸಿದರೆಂದು ಅವರ ಕುರಿತು ಬರೆದವರು ಹೇಳುತ್ತಾರೆ. ವರದಿಗಾರನ ಖರ್ಚು ಪತ್ರಿಕೆಯದು, ಸರ್ಕಾರದ್ದಲ್ಲ ಎಂಬುದು ಅವರ ನಿಲುವು.

ಇನ್ನೊಂದು ಪ್ರಸಂಗವೂ ಹೆಸರಾಗಿದೆ. ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಸರ್ಕಾರದ ಕೋರಿಕೆಯಂತೆ ಡಿವಿಜಿ ಕೆಲವು ಬರವಣಿಗೆಗಳನ್ನು ಮಾಡಿಕೊಟ್ಟರು. ಅದಕ್ಕೆ ಬಂದ ಚೆಕ್ಕುಗಳನ್ನು ಅವರು ಬ್ಯಾಂಕಿಗೆ ಹಾಕಲೇ ಇಲ್ಲ. 1975ರಲ್ಲಿ ಅವರು ತೀರಿಕೊಂಡ ಮೇಲೆ ಆ ಚೆಕ್ಕುಗಳು ಟ್ರಂಕಿನಲ್ಲಿ ಸಿಕ್ಕವೆಂದು ಹೇಳುತ್ತಾರೆ. ಮನೆಯಲ್ಲಿ ಬಡತನವಿದ್ದರೂ ಹೀಗೇಕೆ? ಹಣ ಪಡೆದರೆ ನಾಳೆ ಸರ್ಕಾರವನ್ನು ಟೀಕಿಸುವ ಹಕ್ಕು ಸಡಿಲವಾಗುತ್ತದೆ ಎಂಬುದೇ ಕಾರಣ.

ಇಲ್ಲಿ ಒಂದು ಸೂಕ್ಷ್ಮವಿದೆ. ಸರ್ಕಾರದ ಮಾತನ್ನು ಜನರಿಗೆ ತಿಳಿಸಿಕೊಡುವ ಕೆಲಸ ಕೀಳೆಂದು ಡಿವಿಜಿ ಭಾವಿಸಲಿಲ್ಲ. ಭಾವಿಸಿದ್ದರೆ ಬರೆದುಕೊಡುತ್ತಲೇ ಇರಲಿಲ್ಲ. ಪತ್ರಕರ್ತನಾಗಿ ಒಂದು ಕೈಯಲ್ಲಿ ಬರೆಯುತ್ತ ಇನ್ನೊಂದು ಕೈಯಲ್ಲಿ ಹಣ ಪಡೆಯುವುದು ಮಾತ್ರ ಅವರಿಗೆ ಒಪ್ಪಿಗೆಯಿರಲಿಲ್ಲ. ನಮ್ಮ ಬೀದಿಯ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಈ ಮಾತು ಹಳೆಯದಾಯಿತೆಂದು ಯಾರೂ ಹೇಳುವಂತಿಲ್ಲ. 2022ರ ದೀಪಾವಳಿಯಲ್ಲಿ, ಆಗಿನ ಮುಖ್ಯಮಂತ್ರಿಗಳ ಕಚೇರಿಯ ಕಡೆಯಿಂದ ಕೆಲವು ಪತ್ರಕರ್ತರಿಗೆ ಬಂದ ಸಿಹಿ ತಿಂಡಿಯ ಪೆಟ್ಟಿಗೆಗಳಲ್ಲಿ ನಗದು ಹಣವಿತ್ತೆಂಬ ಆರೋಪ ಎದ್ದಿತು. ಕೆಲವರು ಅದನ್ನು ಹಿಂದಿರುಗಿಸಿದರೆಂದು ವರದಿಯಾಯಿತು. ಲೋಕಾಯುಕ್ತಕ್ಕೆ ದೂರು ಹೋಯಿತು. ಮುಖ್ಯಮಂತ್ರಿಗಳು ಆರೋಪವನ್ನು ಅಲ್ಲಗಳೆದರು. ದಸರೆಯ ಹಣದಿಂದ ದೀಪಾವಳಿಯ ಪೆಟ್ಟಿಗೆಯವರೆಗೆ ನೂರು ವರ್ಷ ಕಳೆದರೂ ಹಬ್ಬ ಬದಲಾಯಿತೇ ಹೊರತು ಪ್ರಶ್ನೆ ಬದಲಾಗಲಿಲ್ಲ.

ಜಾಹೀರಾತಿಲ್ಲದ ಪತ್ರಿಕೆ

ಹಣದ ಪ್ರಶ್ನೆಗೆ ಕನ್ನಡದಲ್ಲಿ ಇನ್ನೊಂದು ಉತ್ತರವನ್ನೂ ಹುಡುಕಿದವರಿದ್ದಾರೆ. 1980ರಲ್ಲಿ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದಾಗ ಜಾಹೀರಾತೇ ಬೇಡವೆಂದರು. ಓದುಗರು ಕೊಡುವ ಕಾಸಿನಿಂದಲೇ ವಾರಪತ್ರಿಕೆ ನಡೆಯಿತು, ಸರ್ಕಾರಗಳನ್ನು ನಡುಗಿಸಿತು ಕೂಡ. 2000ದ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಗೌರಿ ಲಂಕೇಶ್ ಸಂಪಾದಕಿಯಾದರು. ಮುಂದೆ ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ತಾವೇ ನಡೆಸಿದರು.

ಜಾಹೀರಾತು ಬಿಟ್ಟ ಮಾತ್ರಕ್ಕೆ ಎಲ್ಲ ಹೊಣೆಯೂ ತೀರುವುದಿಲ್ಲ. 2008ರ ವರದಿಯೊಂದರ ಮೇಲಿನ ಮಾನನಷ್ಟ ಮೊಕದ್ದಮೆಯಲ್ಲಿ ಹುಬ್ಬಳ್ಳಿಯ ನ್ಯಾಯಾಲಯ 2016ರ ನವೆಂಬರಿನಲ್ಲಿ ಗೌರಿಯವರಿಗೆ ಆರು ತಿಂಗಳ ಸೆರೆವಾಸ ವಿಧಿಸಿತು. ಅವರು ಜಾಮೀನು ಪಡೆದರು. ಯಾರ ಹಂಗಿಲ್ಲದೆ ಬರೆಯುವವರೂ ಬರೆದದ್ದಕ್ಕೆ ಸಾಕ್ಷ್ಯ ಇಟ್ಟುಕೊಳ್ಳಲೇಬೇಕು. ಆ ಲೆಕ್ಕವನ್ನು ನ್ಯಾಯಾಲಯ ಕೇಳಬಹುದು, ಓದುಗ ಕೇಳಬಹುದು. ಆದರೆ 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಅವರ ಮನೆಯ ಮುಂದೆ ಬಂದವರು ಲೆಕ್ಕ ಕೇಳಲಿಲ್ಲ, ಗುಂಡು ಹಾರಿಸಿದರು.

ವಿಜಯನಗರದಿಂದ ಕೆಂಗೇರಿ ಕಡೆಗೆ ಹೋಗುವ ಮೆಟ್ರೊದಲ್ಲಿ ರಾಜರಾಜೇಶ್ವರಿ ನಗರದ ಮುಂದಿನ ನಿಲ್ದಾಣವೇ ಜ್ಞಾನಭಾರತಿ. ಪತ್ರಿಕೋದ್ಯಮದ ತರಗತಿಗೆ ಹೋಗುವ ಮಕ್ಕಳು ದಿನವೂ ಆ ಬಡಾವಣೆಯನ್ನು ದಾಟಿಯೇ ಹೋಗುತ್ತಾರೆ.

ಸಂಹಿತೆಗಳ ಕಾಲ

ವ್ಯಕ್ತಿಗಳ ಹಟದಿಂದಷ್ಟೇ ವೃತ್ತಿ ನಡೆಯದು, ಕಟ್ಟಳೆಯೂ ಬೇಕು. ನಮ್ಮ ದೇಶದಲ್ಲಿ ಪತ್ರಿಕಾ ಮಂಡಳಿ 1966ರಲ್ಲಿ ಕೆಲಸ ಆರಂಭಿಸಿತು. ತುರ್ತುಪರಿಸ್ಥಿತಿಯಲ್ಲಿ ಅದನ್ನೇ ರದ್ದುಮಾಡಿದರು. 1979ರಲ್ಲಿ ಮತ್ತೆ ಬಂತು. ಸಾರ್ವಜನಿಕ ಸಂಪರ್ಕದವರೂ ಸುಮ್ಮನಿರಲಿಲ್ಲ. ಅವರ ಅಂತರರಾಷ್ಟ್ರೀಯ ಸಂಘ 1965ರಲ್ಲಿ ಅಥೆನ್ಸ್‌ನಲ್ಲಿ ನೀತಿ ಸಂಹಿತೆಯೊಂದನ್ನು ಒಪ್ಪಿತು. 1968ರ ಏಪ್ರಿಲ್ 21ರಂದು ದೆಹಲಿಯ ಸಮ್ಮೇಳನದಲ್ಲಿ ಭಾರತದ ಸಂಘವೂ ಅದನ್ನು ತನ್ನದಾಗಿಸಿಕೊಂಡಿತು. ಆ ದಿನವನ್ನೇ ಇಂದು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವೆಂದು ಆಚರಿಸುತ್ತಾರೆ.

ಸಂಹಿತೆ ಇದ್ದರೂ ಕಳ್ಳದಾರಿ ಮುಚ್ಚಲಿಲ್ಲ. 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ ‘ಕಾಸಿಗಾಗಿ ಸುದ್ದಿ’ ದೇಶದ ತುಂಬ ಚರ್ಚೆಗೆ ಬಂತು. ಅಭ್ಯರ್ಥಿಯಿಂದ ಹಣ ಪಡೆದು, ಜಾಹೀರಾತೆಂದು ಹೇಳದೆ, ಸುದ್ದಿಯ ವೇಷದಲ್ಲಿ ಅಚ್ಚುಮಾಡುವ ದಂಧೆ ಇದು. ಪತ್ರಿಕಾ ಮಂಡಳಿಯ ಇಬ್ಬರು ಸದಸ್ಯರ ಉಪಸಮಿತಿ 2010ರಲ್ಲಿ ಇದರ ಮೇಲೆ ವಿವರವಾದ ವರದಿ ಕೊಟ್ಟಿತು. ಈಗ ಚುನಾವಣೆ ಬಂದರೆ ಇಂಥ ಸುದ್ದಿಯ ಮೇಲೆ ಕಣ್ಣಿಡಲು ಪ್ರತಿ ಜಿಲ್ಲೆಯಲ್ಲೂ ಚುನಾವಣಾ ಆಯೋಗದ ಸಮಿತಿ ಇರುತ್ತದೆ. ಮೊಬೈಲಿನಲ್ಲಿ ಸೋಪು, ಸೀರೆ ಹೊಗಳುವವರಿಗೂ ಕಟ್ಟಳೆ ಬಂದಿದೆ. ಹಣ ಅಥವಾ ಉಡುಗೊರೆ ಪಡೆದಿದ್ದರೆ ಅದನ್ನು ನೋಡುವವರಿಗೆ ತಿಳಿಯುವಂತೆ ಹೇಳಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಮಾತು ಕಾಣುತ್ತದೆ. ಪ್ರಚಾರ ಅಪರಾಧವಲ್ಲ. ಕಾರ್ಖಾನೆಗೆ ತನ್ನ ಮಾತು ಹೇಳುವ ಹಕ್ಕಿದೆ, ಆಸ್ಪತ್ರೆಗಿದೆ, ಸರ್ಕಾರಕ್ಕಂತೂ ಹೇಳುವ ಕರ್ತವ್ಯವೇ ಇದೆ. ಲಸಿಕೆ ಯಾವ ದಿನ, ನೀರು ಯಾವಾಗ ಬರುವುದಿಲ್ಲ ಎಂಬುದನ್ನು ಯಾರಾದರೂ ಜನರಿಗೆ ತಿಳಿಯುವ ಭಾಷೆಯಲ್ಲಿ ಬರೆಯಬೇಕು. ತಪ್ಪು ಆರಂಭವಾಗುವುದು ಹಣ ಕೊಟ್ಟವರ ಹೆಸರನ್ನು ಓದುಗನಿಂದ ಮುಚ್ಚಿಟ್ಟಾಗ. ಪುಟದ ಮೇಲ್ತುದಿಯಲ್ಲಿ ‘ಜಾಹೀರಾತು’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗುತ್ತದಲ್ಲ, ಇಷ್ಟು ವರ್ಷಗಳ ಜಗಳವೆಲ್ಲ ಆ ಒಂದು ಪದಕ್ಕಾಗಿ.

ಮತ್ತೆ ಹಾಲಿನ ಬೂತಿನ ಬಳಿ ಸಿಕ್ಕಾಗ ಹುಡುಗಿಗೆ ಇಷ್ಟು ಹೇಳಿದೆ: ‘ಎಲ್ಲಿಗಾದರೂ ಸೇರಮ್ಮ. ಸೇರುವ ಮುಂಚೆ ಎರಡು ಮಾತು ಕೇಳಿಕೋ. ನೀನು ಬರೆದದ್ದಕ್ಕೆ ದುಡ್ಡು ಕೊಡೋರು ಯಾರು ಅಂತ ಓದುವವರಿಗೆ ಗೊತ್ತಾಗುತ್ತಾ? ಸುಳ್ಳು ಬರೆ ಅಂದ ದಿನ ಆಗಲ್ಲ ಅಂತ ಹೇಳೋಕೆ ನಿನಗೆ ಆಗುತ್ತಾ?’

ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಮೊದಲನೇದು ಕೇಳಬಹುದು ಅಣ್ಣ. ಎರಡನೇದು ಸೇರಿದ ಮೇಲೇ ಗೊತ್ತಾಗೋದು’ ಎಂದಳು. ಆಕೆಯ ಮಾತು ನಿಜ. ಡಿವಿಜಿಯವರಿಗೂ ಅದು ಚೆಕ್ಕು ಕೈಗೆ ಬಂದ ಮೇಲೆಯೇ ಎದುರಾದ ಪ್ರಶ್ನೆ.