ತೆರಬಂಡಿಯ ಕಣ, ಜಾತ್ರೆಯ ಥೇಟರು

ಬಾಗಲಕೋಟೆ ಸೀಮೆಯ ಓಟದ ಹುರುಪಿಗೆ ಎಂಜಿನ್ನು ಬರುವುದಕ್ಕಿಂತ ಬಹಳ ಹಿಂದಿನಿಂದಲೂ ಒಕ್ಕಲುತನದ ಬಂಡಿಯೇ ವಾಹನವಾಗಿತ್ತು. ಗಾಲಿ ಉರುಳದಂತೆ ಬಿಗಿದ ಬಂಡಿಯನ್ನು ಜೋಡೆತ್ತುಗಳು ಗೊತ್ತುಪಡಿಸಿದ ಹೊತ್ತಿನೊಳಗೆ ಎಷ್ಟು ದೂರ ಎಳೆದೊಯ್ಯುತ್ತವೆಂದು ಅಳೆಯುವ ತೆರಬಂಡಿ ಸ್ಪರ್ಧೆಯಲ್ಲಿ, ಹೊಲಕ್ಕೆ ಗೊಬ್ಬರ ಹೇರುವ ಬಂಡಿಯೇ ಹಬ್ಬದ ದಿನ ಕಣಕ್ಕಿಳಿಯುತ್ತದೆ. ಅಮೆರಿಕದ ಸ್ಟಾಕ್ ಕಾರ್ ಓಟದ ಮೂಲವೂ ಇಂಥದೇ: ಜನ ದಿನಬಳಕೆಗೆ ಕೊಳ್ಳುವ ಮಾದರಿಯ ಕಾರನ್ನೇ ಬಲಪಡಿಸಿ ಪಂದ್ಯಕ್ಕೆ ಬಿಡುವ ಆ ಆಟಕ್ಕೆ 1948ರಲ್ಲಿ ನಾಸ್ಕಾರ್ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಸಂಸ್ಥೆಯು ‘ಫೈರ್‌ಬಾಲ್ 500’ (1966), ‘ಥಂಡರ್ ಆಲಿ’ (1967) ಮುಂತಾದ ಚಿತ್ರಗಳಲ್ಲಿ ಓಟದ ಧೂಳಿಗೆ ಪ್ರೇಮ, ಹಾಡು, ಹಟಗಳನ್ನು ಬೆರೆಸಿ, ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಬಯಲು ಚಿತ್ರಮಂದಿರಗಳ ಹರೆಯದ ಪ್ರೇಕ್ಷಕರ ಮುಂದಿಟ್ಟಿತು.

ಈ ಸೀಮೆಯಲ್ಲಿ ಓಟ ಬಯಲಿನಲ್ಲಿಯೇ ಉಳಿಯಿತು, ಕತೆ ಮಾತ್ರ ಥೇಟರು ಸೇರಿತು. ಬನದ ಹುಣ್ಣಿಮೆಯ ತೇರಿನೊಂದಿಗೆ ಆರಂಭವಾಗಿ ವಾರಗಟ್ಟಲೆ ನಡೆಯುವ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ಸಾಲಾಗಿ ತಾತ್ಕಾಲಿಕ ಥೇಟರು ಹಾಕಿ ಬೆಳಗಿನ ಜಾವದವರೆಗೂ ಆಟವಾಡುತ್ತವೆ. ರೈತರು, ನೇಕಾರರು, ಅವರ ಹರೆಯದ ಮಕ್ಕಳು ಕೂಡಿ ನೋಡುವ ಈ ಆಟಗಳಿಗೆ ನಗೆ, ಕುಣಿತ, ಚುರುಕು ಮಾತುಗಳು ಸೇರುತ್ತ ಹೋದದ್ದು ಆ ಪ್ರೇಕ್ಷಕರಿಂದಲೇ. ಇದನ್ನು ಕಲೆಯ ಇಳಿತವೆಂದಷ್ಟೇ ನೋಡುವುದು ಅನ್ಯಾಯ. ಇದೇ ರಂಗಭೂಮಿ ಹುನಗುಂದ ಭಾಗದ ಕಂದಗಲ್ಲಿನಿಂದ ‘ರಕ್ತರಾತ್ರಿ’ಯ ನಾಟಕಕಾರ ಹನುಮಂತರಾಯರನ್ನೂ ಸೂಳೇಭಾವಿಯಿಂದ ಪಿ. ಬಿ. ಧುತ್ತರಗಿಯವರನ್ನೂ ಕೊಟ್ಟಿದೆ.

ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವನ್ನು ಎ. ವಿ. ಶೇಷಗಿರಿರಾವ್ 1974ರಲ್ಲಿ ಚಿತ್ರವಾಗಿಸಿದಾಗ ಓಟದ ಸಿನಿಮಾ, ಜಾತ್ರೆಯ ನಾಟಕ ಎಂಬ ಎರಡು ಧಾರೆಗಳು ತುಸು ಹತ್ತಿರವಾದವು. ಹಳ್ಳಿಯ ಒರಟು ಯುವಕ ಭದ್ರನಿಗೂ ಸಿರಿವಂತನ ಸೊಕ್ಕಿನ ಮಗಳು ದುರ್ಗಾಳಿಗೂ ನಡೆಯುವ ಜಟಾಪಟಿ, ಅಮೆರಿಕದ ಓಟದ ಚಿತ್ರಗಳ ನಾಯಕ-ನಾಯಕಿಯರ ಹಟಕ್ಕಿಂತ ಗಟ್ಟಿಯಾದುದು, ಏಕೆಂದರೆ ಅದರ ಹಿಂದೆ ಬಡವ-ಬಲ್ಲಿದರ ನಿಜವಾದ ಅಂತರವಿದೆ. ಕಾರಿಲ್ಲದ ಈ ನಾಯಕನ ಸವಾರಿ ಎಮ್ಮೆಯ ಬೆನ್ನ ಮೇಲೆ. ಜಿ. ಕೆ. ವೆಂಕಟೇಶ್ ಸಂಗೀತದಲ್ಲಿ ಆ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡಿಗೆ ಭದ್ರನ ಪಾತ್ರಧಾರಿ ರಾಜ್‌ಕುಮಾರ್ ಸ್ವತಃ ದನಿಯಾದರು, ಮುಂದೆ ತಮ್ಮ ಚಿತ್ರಗಳ ಹೆಚ್ಚಿನ ಹಾಡುಗಳನ್ನು ಅವರೇ ಹಾಡತೊಡಗಿದರು.

ಬಯಲಿನ ಓಟದ ದಾರಿ ಇಷ್ಟು ಸುಗಮವಾಗಿರಲಿಲ್ಲ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಬಂಡಿ ಓಟಗಳನ್ನೂ ತಡೆಯಿತು. ಕಂಬಳ, ಹೋರಿ ಓಟ, ಎತ್ತಿನ ಬಂಡಿ ಓಟಗಳಿಗೆ ಅವಕಾಶ ನೀಡುವ ಕರ್ನಾಟಕದ 2017ರ ತಿದ್ದುಪಡಿಯನ್ನು ಅದೇ ನ್ಯಾಯಾಲಯದ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು.