ಹೆಣ್ಣಿನ ಆಕಾರದ ‘ನಾರಿಲತಾ’ ಹೂವು ನಿಜವೇ?

ಹಿಮಾಲಯದಲ್ಲಿ 20 ವರ್ಷಕ್ಕೊಮ್ಮೆ ಹೆಣ್ಣಿನ ಆಕಾರದ ‘ನಾರಿಲತಾ’ ಹೂವು ಅರಳುತ್ತದೆ ಎಂಬ ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಸುಳ್ಳು. ಅಂಥ ಗಿಡವೇ ಇಲ್ಲ.

ಇಂಥ ಕಥೆ ಮಾತ್ರ ಬಹಳ ಹಳೆಯದು. ಮಧ್ಯಯುಗದ ಅರಬ್ಬಿ ಗ್ರಂಥಗಳಲ್ಲಿ ದೂರದ ಕಡಲಾಚೆ ‘ವಾಕ್‌ವಾಕ್’ ಎಂಬ ದ್ವೀಪ ಬರುತ್ತದೆ. ಅಲ್ಲಿನ ಮರಗಳಲ್ಲಿ ಹೆಂಗಸರೇ ಹಣ್ಣುಗಳಂತೆ ಕೂದಲಿನಿಂದ ನೇತಾಡುತ್ತಾರಂತೆ, ‘ವಾಕ್ ವಾಕ್’ ಎಂದು ಕೂಗುತ್ತಾರಂತೆ. 12ನೇ ಶತಮಾನದ ಇಬ್ನ್ ತುಫೈಲ್ ಕೂಡ ಹೆಂಗಸರು ಹಣ್ಣಾಗಿ ಬಿಡುವ ಮರದ ಪ್ರಸ್ತಾಪ ಮಾಡಿದ್ದಾನೆ.

ಅರಬ್ಬಿ ಸಾಹಿತ್ಯದ ವಿದ್ವಾಂಸೆ ಫೆದ್ವಾ ಮಾಲ್ಟಿ-ಡಗ್ಲಾಸ್ 1991ರ ತಮ್ಮ ಪುಸ್ತಕದಲ್ಲಿ ಇಂಥ ಕಥೆಗಳನ್ನು ಪರಿಶೀಲಿಸಿದ್ದಾರೆ. ಅವು ಹೇಳುವುದು ದ್ವೀಪದ ಸುದ್ದಿಯನ್ನಲ್ಲ, ಹೆಣ್ಣಿನ ದೇಹದ ಬಗ್ಗೆ ಗಂಡಸರು ಕಟ್ಟಿಕೊಂಡ ಕಲ್ಪನೆಯನ್ನು.

ಯಾರೂ ಹೋಗಿ ನೋಡದ ಜಾಗದಲ್ಲಿ ಏನನ್ನು ಬೇಕಾದರೂ ಬೆಳೆಸಬಹುದು! ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಕಣ್ಣಾರೆ ಕಂಡವರು ಯಾರು?