ಟ್ರಾಮಿನಿಂದ ಎಲೆಕ್ಟ್ರಿಕ್ ಕಾರಿಗೆ: ಒಂದು ಸ್ವಿಚ್ಚಿನ ಕಥೆ

ಹಳೇ ಕಾರಿನ ಎಂಜಿನ್ ಕಿತ್ತು, ಮೋಟಾರು ಬ್ಯಾಟರಿ ಕೂರಿಸಿ, ಮನೇಲೇ ಎಲೆಕ್ಟ್ರಿಕ್ ಕಾರು ಮಾಡ್ಕೊಳ್ಳೋರ ಬಗ್ಗೆ ಕೇಳಿರ್ತೀರಿ. ಅವರ ಮಾತೆಲ್ಲ ಎಷ್ಟು ಕಿಲೋವ್ಯಾಟ್, ಎಷ್ಟು ಕಿಲೋಮೀಟರ್ ಅನ್ನೋದರ ಸುತ್ತಲೇ. ಇವತ್ತಿನ ಕಥೆ ಬ್ಯಾಟರಿಗೂ ಮೋಟಾರ್ ಕಂಟ್ರೋಲರಿಗೂ ನಡುವೆ ಕೂತಿರೋ ಒಂದು ಸ್ವಿಚ್ಚಿನದು: ಮೇನ್ ಕಾಂಟ್ಯಾಕ್ಟರ್. ಕೀ ತಿರುಗಿಸಿದರೆ ಅದರ ಕಾಯಿಲ್‌ಗೆ ಕರೆಂಟ್ ಹೋಗಿ, ಟಕ್ ಅಂತ ಎರಡು ಲೋಹದ ತುಂಡು ಕೂಡುತ್ತವೆ. ಕೂಡೋದು ಸುಲಭ, ಬಿಡೋದೇ ಕಷ್ಟ.

ನಮ್ಮ ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ. ಸ್ವಿಚ್ ಆರಿಸಿದಾಗ ಹುಟ್ಟೋ ಕಿಡಿ ಅಲ್ಲೇ ಸಾಯುತ್ತೆ. ಬ್ಯಾಟರಿಯ ಡಿಸಿ ಹಾಗಲ್ಲ, ಅದಕ್ಕೆ ಸೊನ್ನೆಯೇ ಇಲ್ಲ. ಲೋಹಗಳು ದೂರ ಸರಿದರೂ ನಡುವೆ ಬೆಂಕಿಯ ಕಮಾನು, ಅಂದರೆ ಆರ್ಕ್, ಉರೀತಾನೇ ಇರಬಹುದು.

ಈ ತೊಂದರೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದ್ದು ಅಮೆರಿಕದ ಟ್ರಾಮುಗಳು. 1888ರಲ್ಲಿ ಫ್ರಾಂಕ್ ಸ್ಪ್ರೇಗ್ ರಿಚ್‌ಮಂಡ್ ನಗರದಲ್ಲಿ ಟ್ರಾಮು ಓಡಿಸಿದ. ಡ್ರೈವರ್ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಸ್ವಿಚ್ಚಿನ ಲೋಹ ಸುಡೋದು. ಪರಿಹಾರ ಬಂದಿದ್ದು ಎಲಿಹು ಥಾಮ್ಸನ್‌ನಿಂದ: ಪಕ್ಕದಲ್ಲಿ ಆಯಸ್ಕಾಂತ ಇಡಿ, ಅದು ಆರ್ಕನ್ನು ಪಕ್ಕಕ್ಕೆ ತಳ್ಳಿ, ಉದ್ದಕ್ಕೆ ಎಳೆದು ತುಂಡು ಮಾಡುತ್ತೆ. ಇದೇ ಮ್ಯಾಗ್ನೆಟಿಕ್ ಬ್ಲೋಔಟ್. 1897ರಲ್ಲಿ ಷಿಕಾಗೋದ ರೈಲಿಗೆ ಸ್ಪ್ರೇಗ್ ಇನ್ನೊಂದು ಹೆಜ್ಜೆ ಇಟ್ಟ. ಡ್ರೈವರ್ ಕೈಯಲ್ಲಿ ಸಣ್ಣ ಕರೆಂಟಿನ ಸ್ವಿಚ್ಚು, ಭಾರೀ ಕರೆಂಟಿನ ಕೆಲಸ ಪ್ರತಿ ಬೋಗಿಯಲ್ಲೂ ತನ್ನಷ್ಟಕ್ಕೆ. ನಮ್ಮ ಕಾಂಟ್ಯಾಕ್ಟರಿನ ಅಜ್ಜ ಅಂತ ನಾನು ಕರೆಯೋದು ಇದನ್ನೇ.

1970ರ ದಶಕದ ಪೆಟ್ರೋಲ್ ಬಿಕ್ಕಟ್ಟಿನಲ್ಲಿ ಅಮೆರಿಕದ ಗ್ಯಾರೇಜುಗಳಲ್ಲಿ ಕಾರು ಕಟ್ಟಿದವರು ಫೋರ್ಕ್‌ಲಿಫ್ಟಿನ ಸಾಮಾನು, ವಿಮಾನದ ಹಳೇ ಸ್ಟಾರ್ಟರ್-ಜನರೇಟರು ತಂದು ಜೋಡಿಸಿದರು. ಆಮೇಲೆ ಟ್ರಾನ್ಸಿಸ್ಟರ್ ಕಂಟ್ರೋಲರು ಬಂತು. ಅದು ಕೆಟ್ಟರೆ ಕಾರು ನಿಲ್ಲುತ್ತೆ ಅಂದ್ಕೊಂಡ್ರಾ? ಟ್ರಾನ್ಸಿಸ್ಟರ್ ಸಾಮಾನ್ಯವಾಗಿ ಶಾರ್ಟ್ ಆಗಿ ಸಾಯುತ್ತೆ. ಹಳೇ ಡಿಸಿ ಮೋಟಾರಿದ್ದರೆ ಬ್ಯಾಟರಿಯ ಪೂರ್ತಿ ಬಲ ನೇರ ಚಕ್ರಕ್ಕೆ. ನೀವು ಆಕ್ಸಿಲರೇಟರ್ ಬಿಟ್ಟಿರ್ತೀರಿ, ಕಾರು ಬಿಟ್ಟಿರಲ್ಲ! ಆ ಹೊತ್ತಲ್ಲಿ ಕಾಪಾಡಬೇಕಾದ್ದು ಕಾಂಟ್ಯಾಕ್ಟರು. ಅದಕ್ಕೇ ಅದು ಎಷ್ಟು ಕರೆಂಟು ಹೊರುತ್ತೆ ಅನ್ನೋದಕ್ಕಿಂತ, ಎಷ್ಟು ವೋಲ್ಟಿನಲ್ಲಿ ಎಷ್ಟು ಕರೆಂಟು ಕಡಿಯುತ್ತೆ ಅಂತ ಮೊದಲು ನೋಡಬೇಕು.

ಬ್ರಿಟನ್ನಿನ ಆಲ್‌ಬ್ರೈಟ್ ಕಂಪನಿಯ ಎಸ್‌ಡಬ್ಲ್ಯೂ-200 ಫೋರ್ಕ್‌ಲಿಫ್ಟ್ ಲೋಕದ ಹಳೇ ಹುಲಿ. 250 ಆಂಪಿಯರ್ ಹೊರುತ್ತೆ. ಆದರೆ ಬ್ಲೋಔಟ್ ಇಲ್ಲದೆ 48 ವೋಲ್ಟ್, ಇದ್ದರೆ 96. ಬೆಂಗಳೂರಿನಲ್ಲಿ 2001ರಲ್ಲಿ ಬಂದ ರೇವಾ 48 ವೋಲ್ಟಿನ ಕಾರು. ಆ ಕಾಲಕ್ಕೆ ಈ ಅಂಕಿ ಸಾಕಿತ್ತು. ಈಗ ಜನ ಅಪಘಾತವಾದ ನಿಸಾನ್ ಲೀಫ್‌ನ ಬ್ಯಾಟರಿ ತರ್ತಾರೆ, ಅದು ಸುಮಾರು 360 ವೋಲ್ಟು. ಅಲ್ಲಿ ಹಳೇ ಹುಲಿಯನ್ನು ಕೂರಿಸೋದು ಅಂದ್ರೆ ಬೆಂಕಿಗೆ ಆಮಂತ್ರಣ ಪತ್ರಿಕೆ ಹಂಚಿದ ಹಾಗೆ.

ಹೆಚ್ಚು ವೋಲ್ಟಿಗೆ ಗಾಳಿಯಾಡದಂತೆ ಮುಚ್ಚಿದ ಕಾಂಟ್ಯಾಕ್ಟರುಗಳಿವೆ, ಕಿಲೋವ್ಯಾಕ್ ಇವಿ-200 ಥರದವು. ನಾನು ಬಿ.ಕಾಂ. ಓದಿದವನು, ಬ್ಯಾಲೆನ್ಸ್ ಶೀಟಿನ ಅಸಲಿ ವಿಷಯ ಸಣ್ಣಕ್ಷರದಲ್ಲಿರುತ್ತೆ ಅಂತ ಗೊತ್ತು. ಇದರ ಡೇಟಾಶೀಟೂ ಹಾಗೇ. 320 ವೋಲ್ಟಿನಲ್ಲಿ 2,000 ಆಂಪಿಯರ್ ಕಡಿಯುತ್ತೆ, ಆದರೆ ಒಂದೇ ಒಂದು ಸಲ. ಕೂಡುವಾಗ 650 ಆಂಪಿಯರ್ ಮೀರಿದರೆ ಲೋಹ ಬೆಸೆದುಕೊಳ್ಳೋ ಅಪಾಯ. ಕಂಟ್ರೋಲರಿನ ಕೆಪಾಸಿಟರ್‌ಗಳು ಖಾಲಿಯಿದ್ದಾಗ ನುಗ್ಗೋ ಕರೆಂಟು ಅದನ್ನು ಸುಲಭವಾಗಿ ದಾಟಬಹುದು. ಅದಕ್ಕೇ ಮೊದಲು ರೆಸಿಸ್ಟರ್ ಮೂಲಕ ಕೆಪಾಸಿಟರ್ ತುಂಬಿಸಿ, ಆಮೇಲೆ ಕಾಂಟ್ಯಾಕ್ಟರ್ ಕೂಡಿಸೋದು. ಇದು ಪ್ರೀಚಾರ್ಜ್. ಇದನ್ನು ಬಿಟ್ಟರೆ ಎಂಥ ದುಬಾರಿ ಕಾಂಟ್ಯಾಕ್ಟರೂ ಒಂದು ದಿನ ಬೆಸೆದು ಕೂರಬಹುದು, ಹೊರಗಿನಿಂದ ಏನೂ ಗೊತ್ತಾಗಲ್ಲ.

ಹಾಗಾಗಿ ಆಕ್ಸಿಲರಿ ಕಾಂಟ್ಯಾಕ್ಟ್ ಇರೋದನ್ನೇ ಕೊಳ್ಳಿ ಅಂತೀನಿ. ಮುಖ್ಯ ಲೋಹದ ಜೊತೆಗೇ ಚಲಿಸೋ ಒಂದು ಪುಟ್ಟ ಸ್ವಿಚ್ಚು ಅದು. ಡ್ಯಾಶ್‌ಬೋರ್ಡಿನ ದೀಪಕ್ಕೆ ಜೋಡಿಸಿದರೆ, ಕೀ ಆಫ್ ಮಾಡಿದ ಮೇಲೂ ದೀಪ ಉರೀತಿದ್ದರೆ ಕಾಂಟ್ಯಾಕ್ಟರ್ ಬಿಟ್ಟಿಲ್ಲ ಅಂತರ್ಥ.